ಸೋರದ ಮಾಳಿಗೆ

ರಂಗಂಪೇಟೆಯಲ್ಲಿ ಮಾಳಿಗೆಗೆ ಮಣ್ಣು ಹೊದಿಸುವುದರಲ್ಲಿ ದುರಗಪ್ಪನನ್ನು ಮೀರಿಸುವವರಿರಲಿಲ್ಲ. ಪ್ರತಿ ಮಳೆಗಾಲಕ್ಕೆ ಮುಂಚೆ ಹಳೆಯ ಮಣ್ಣಿನ ಮೇಲೇ ಹೊಸ ಮಣ್ಣು ಸುರಿದು, ನೀರು ಚಿಮುಕಿಸಿ, ಹೆಂಡತಿ ಲಾಲಮ್ಮನಿಂದ ತುಳಿಸಿ ಗಟ್ಟಿ ಮಾಡುತ್ತಿದ್ದ. ಹಳೆಯದನ್ನು ಇಳಿಸಿದವನೇ ಅಲ್ಲ. ಅವನ ಸ್ವಂತ ಮನೆಯ ಮಾಳಿಗೆಯಂತೂ ಮೊಣಕಾಲುದ್ದ ದಪ್ಪವಾಗಿತ್ತು. “ನನ್ನ ಮಾಳಿಗಿ ಒಂದು ಹನಿ ಸೋರಿದ್ರ ಮೀಸಿ ಬೋಳಿಸ್ತೀನಿ” ಎಂದು ಬೀಗುತ್ತಿದ್ದ. ಹಾಳಾದ ಆ ಮೀಸೆ ಇಂದಿಗೂ ಹಾಗೇ ಇದೆ.

ಒಂದು ಬೆಳಿಗ್ಗೆ ನೆಲ ಗುಡುಗಿ ಸಣ್ಣಗೆ ನಡುಗಿತು. ಓಣಿಗೆ ಓಣಿಯೇ ಬೀದಿಗೆ ಬಂತು. ಸೊಸೆ ರೇವತಿ ಶಹಾಪುರದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವಳು. ಬಸ್ಸಿಗೆ ಹೊರಟವಳು ಅತ್ತೆಯ ಕೈ ಹಿಡಿದಳು.

“ಅತ್ತಿ, ಭೂಮಿ ಒಳಗ ಉಳ್ಳಾಗಡ್ಡಿ ಹಂಗ ಪದರ ಪದರ ಅದ. ಮ್ಯಾಲಿನ ಪದರದಾಗ ಕಲ್ಲು ಸೀಳಿ ಸರದ್ರ ಎರಡು ಅಲಿ ಹೊಂಡತಾವ. ಮೊದಲಿಂದು ಜೋರ್ ಓಡಿ ಬರತದ, ಬರೇ ಭಾಂಡಿ ಗಲಗಲ ಅಂತಾವ. ಹಿಂದಿಂದು ಅಡ್ಡ ತೂಗತದ, ಗ್ವಾಡಿ ಕೆಡವೂದು ಅದು. ಮತ್ತೊಮ್ಮಿ ನಡುಗಬಹುದು, ಇವತ್ತ ಒಳಗ ಹೋಗಲೇಬ್ಯಾಡ್ರಿ. ಹೋದ್ರೂ, ಭಾಂಡಿ ಸಪ್ಪಳಾದ ಕೂಡಲೇ ಹೊರಗ ಓಡ್ರಿ.” ಬಳಿಕ ಮಾವನತ್ತ ತಿರುಗಿದಳು. “ಆ ಮಣ್ಣು ಇಳಸ್ರಿ ಮಾವ. ಮೂಗಿಗಿಂತ ಮೂಗುತಿ ಭಾರ ಆಗ್ಯಾದ.”

ದುರಗಪ್ಪನಿಗೆ ಮೈಯೆಲ್ಲ ಉರಿಯಿತು. ಬಸ್ಸು ಮರೆಯಾದದ್ದೇ ತಡ, ಬೇವಿನ ಕಟ್ಟೆಯವರೆಲ್ಲ ಕೇಳುವಂತೆ ಗದರಿದ: “ಏ ಲಾಲಿ, ಒಳಗ ನಡಿ! ಮಾಳಿಗಿ ದುರಗಪ್ಪನ ಹೆಂಡ್ತಿನೇ ಬೀದ್ಯಾಗ ಕುಂತ್ರ, ನಾ ಕಟ್ಟಿದ ಮಾಳಿಗಿ ಕೆಳಗ ಊರಾಗ ಯಾರು ಮಲಗತಾರ?”

“ಇಲ್ಲೇ ಕುಂಡ್ರಲಿ ಬಿಡೋ ಅಣ್ಣಾ, ನಿನಗೇನು ಕಡೀತದ?” ಎಂದಳು ಎದುರು ಮನೆಯ ಹಜರಾಬೀ.

“ನಿನ್ನ ತಗಡಿನ ಮನಿ ನೀ ನೋಡ್ಕೋ.”

ಲಾಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಆ ಸಪ್ಪಳ ಕೇಳಿ ಕಟ್ಟೆಯ ಮೇಲೆ ಇವನು ನಿರುಮ್ಮಳವಾಗಿ ಎಲೆ ಅಡಿಕೆ ಹಾಕಿಕೊಂಡ.

ಮಧ್ಯಾಹ್ನ ಭಾಂಡೆಗಳು ಗಲಗಲ ಎಂದವು. ರೊಟ್ಟಿಯ ಸಪ್ಪಳ ನಿಂತಿತು. ಲಾಲಮ್ಮ ಹಿಟ್ಟಿನ ಕೈಯಲ್ಲೇ ಹೊಸ್ತಿಲಿಗೆ ಓಡಿ ಬಂದಳು. ಇನ್ನೊಂದು ಹೆಜ್ಜೆ ಸಾಕಿತ್ತು, ಶಿವನೇ, ಒಂದೇ ಹೆಜ್ಜೆ! ಕಟ್ಟೆಯ ಮೇಲಿಂದ ಗಂಡ ಕಣ್ಣು ಕೆಂಪಗೆ ಮಾಡಿ ದುರುಗುಟ್ಟಿದ. ಅವಳು ಅಂಜಿ ಒಳಗೆ ತಿರುಗಿದಳು. ಅಷ್ಟರಲ್ಲಿ ಹಿಂದಿನ ಅಲೆ ಬಂದು ಗೋಡೆಯನ್ನು ಅಡ್ಡಕ್ಕೆ ತೂಗಿತು; ಮಾಳಿಗೆ ಇಡಿಯಾಗಿ ಕುಸಿಯಿತು. ಓಣಿಯಲ್ಲಿ ಬಿದ್ದದ್ದು ಅದೊಂದೇ ಮನೆ.

ರೇವತಿ ಬಂದಾಗ ಜನ ಇನ್ನೂ ಅಗೆಯುತ್ತಿದ್ದರು. ಮೇಲೆ ಈ ವರ್ಷದ ಮಣ್ಣು, ಲಾಲಮ್ಮನೇ ತುಳಿದದ್ದು, ಹಿಂದಿನ ದಿನದ ಮಳೆಗೆ ನೆನೆದು ಕೆಸರಾಗಿತ್ತು. ಅದರ ಕೆಳಗೆ ಹೋದ ವರ್ಷದ್ದು, ಅದರ ಕೆಳಗೆ ಅದರ ಹಿಂದಿನದು. ಎಲ್ಲದರ ಕೆಳಗೆ ಹಿಟ್ಟು ಮೆತ್ತಿದ ಕೈ ಕಂಡಿತು. ದುರಗಪ್ಪ ಎದೆ ಬಡಿದುಕೊಂಡು ಅಳುತ್ತಿದ್ದ.

ರೇವತಿ ಆ ಕೈಯ ಮೇಲಿನ ಮಣ್ಣನ್ನು ಬೊಗಸೆಯಲ್ಲಿ ತೆಗೆದು ಮಾವನ ಅಂಗೈಗೆ ಸುರಿದಳು. ಒಣಗಿದ ಹುಡಿ ಮಣ್ಣು.

“ನೋಡ್ರಿ ಮಾವ, ಒಂದು ಹನೀನೂ ಸೋರಿಲ್ಲ” ಎಂದಳು.