ಆ ಪರದೆಗೆ ಜರಡಿ ಹಿಡಿದವನು ನಾನು

ಸಿದ್ದರಾಜುಗೆ ಯಳಂದೂರಿನ ಕೆಲಸ ತಪ್ಪಿಸಿದವನು ನಾನು. ಅವನಿಗೆ ಇದು ಇವತ್ತಿಗೂ ಗೊತ್ತಿಲ್ಲ. ಮಿಷೀನು ಮಾಡಿದ್ದು ಅಂದುಕೊಂಡಿದ್ದಾನೆ, ಮಿಷೀನನ್ನೇ ಬೈಯುತ್ತಾನೆ — ನಾನು ಪಕ್ಕದಲ್ಲಿ ಕೂತು ಅವನು ಕೊಡಿಸಿದ ಟೀ ಕುಡಿಯುತ್ತೇನೆ.

ನಾನು ಕೊಳ್ಳೇಗಾಲದವನು, ಗಾರೆ ಮೇಸ್ತ್ರಿ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಕರಣೆ ಹಿಡಿದೆ. ನಾನು ಎತ್ತಿದ ಗೋಡೆಗಳು ಕಾಣಲಿ ಅಂತ ಬಸ್ಸಲ್ಲಿ ಇವತ್ತಿಗೂ ಕಿಟಕಿ ಪಕ್ಕವೇ ಕೂರುವವನು. ಆ ಜಂಬ ಇದೆ, ಇಲ್ಲ ಅನ್ನಲ್ಲ. ಸಿದ್ದ ಯಳಂದೂರಿನ ಹುಡುಗ, ಎಲೆಕ್ಟ್ರಿಷಿಯನ್. ಮೊದಲ ಸಲ ಸೈಟಿಗೆ ಬಂದಾಗ ಮದುವೆಯೂ ಆಗಿರಲಿಲ್ಲ. ನನ್ನ ಬುತ್ತಿಯಲ್ಲಿ ಮುದ್ದೆ ಇದ್ದರೆ ಅರ್ಧ ಅವನದು, ಅವನ ಬುತ್ತಿಯಲ್ಲಿ ಉಪ್ಪಿನಕಾಯಿ ಇದ್ದರೆ ಪೂರ್ತಿ ನನ್ನದು. ಕೆಲಸ ಮಾಡುತ್ತಾ ಹಾಡುತ್ತಾನೆ, ಕೆಟ್ಟದಾಗಿ ಹಾಡುತ್ತಾನೆ. "ನಿಲ್ಸ್ಲಾ, ಸಿಮೆಂಟು ಒಡ್ದೋದದು" ಅಂತ ನಾನು ಕೂಗಿದರೆ ಇನ್ನೂ ಜೋರಾಗಿ ಶುರು ಮಾಡುತ್ತಾನೆ.

ಹನೂರಿನಲ್ಲಿ ಒಂದು ಮದುವೆ ಛತ್ರ ಕಟ್ಟುತ್ತಿದ್ದೆವು. ಮೇಲ್ಚಾವಣಿಗೆ ಸೆಂಟ್ರಿಂಗ್, ಅಂದರೆ ಕಾಂಕ್ರೀಟು ಹೊರುವ ಹಲಗೆ ಹಾಸು, ನನ್ನ ಜವಾಬ್ದಾರಿ. ನಾನು ಹಲಗೆ ಹೊಡೆದು ಮುಗಿಸಬೇಕು, ಕಂಬಿ ಕಟ್ಟಬೇಕು, ಆಮೇಲೆ ಸಿದ್ದ ಕಂಬಿ ನಡುವೆ ವೈರಿನ ಪೈಪು ಹಾಸಬೇಕು, ಕೊನೆಗೆ ಮೋಲ್ಡ್, ಕಾಂಕ್ರೀಟು ಸುರಿಯುವುದು. ಇದು ಬಿಟ್ಟು ಬೇರೆ ದಾರಿ ಇಲ್ಲ.

ಮಟ್ಟ ನೋಡುವ ದಿನ ಲೆವೆಲ್ ಪೈಪಿನ ಇನ್ನೊಂದು ತುದಿ ಹಿಡಿದಿದ್ದವನು ಸಿದ್ದ. ನೀರು ತುಂಬಿದ ಉದ್ದ ಪೈಪು ಅದು. ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಒಳಗೆ ಗಾಳಿಯ ಗುಳ್ಳೆ ಸೇರಿಕೊಂಡರೆ ಮಾತ್ರ ಲೆಕ್ಕ ತಪ್ಪುತ್ತದೆ.

"ಅಣ್ಣೋ, ಗುಳ್ಳೆ ಸೇರ್ಕಂಡಂಗದೆ. ಇನ್ನೊಂದ್ ಕಿತ ನೋಡುಮ" ಅಂದ.

"ನಿನ್ ವೈರು ನೀ ನೋಡ್ಕ ಕಣ್ಲಾ. ನಂಗ್ ಮಟ್ಟ ಯೋಳ್ಕೊಡೋಕ್ ಬಂದ" ಅಂದೆ ನಾನು.

ಗುಳ್ಳೆ ಇತ್ತು. ಒಂದು ಮೂಲೆ ಪೂರ್ತಿ ಇಳಿದಿತ್ತು. ಹೊಡೆದ ಹಲಗೆಯೆಲ್ಲ ಬಿಚ್ಚಿ ಮತ್ತೆ ಹೊಡೆಯಬೇಕಾಯಿತು. ಯಾಕೆ ಬಿಚ್ಚುತ್ತಿದ್ದೀವಿ ಅಂತ ನಾನು ಯಾರಿಗೂ ಹೇಳಲಿಲ್ಲ, ಸಿದ್ದನೂ ಕೇಳಲಿಲ್ಲ — ಸುತ್ತಿಗೆ ತಗೊಂಡು ನನ್ನ ಜೊತೆ ನಿಂತು ಬಿಚ್ಚಿದ. ನಾನೇ ಹೇಳಿದ್ನಲ್ಲಾ ಅಂತ ಒಂದು ಮಾತು ಅನ್ನಬಹುದಿತ್ತು. ಅನ್ನಲಿಲ್ಲ. ಅದೇ ಕೆಟ್ಟ ಹಾಡು ಹೇಳುತ್ತಿದ್ದ.

ಆ ಸೈಟಿಗೆ ಕಾವ್ಯ ಮೇಡಂ ಅಂತ ಎಂಜಿನಿಯರ್ ಬಂದಿದ್ದರು. ಯಾರ ಕೆಲಸ ಯಾವುದು, ಯಾವಾಗ ಮುಗಿಯಬೇಕು, ಯಾವುದಾದ ಮೇಲೆ ಯಾವುದು — ಎಲ್ಲ ಅವರ ಟ್ಯಾಬಿನ ಶೆಡ್ಯೂಲಿನಲ್ಲಿ. ಸಿದ್ದ ಅದನ್ನು ಮಿಷೀನು ಅನ್ನುತ್ತಿದ್ದ. ನಮಗೆ ಓದಲು ಆಗಲಿ ಅಂತ ಕೆಲಸದ ಹೆಸರುಗಳನ್ನು ಕನ್ನಡದಲ್ಲೇ ಹಾಕಿದ್ದರು. ತಡವಾದದ್ದು ಕೆಂಪಾಗುತ್ತದೆ. ಅದರಲ್ಲಿ ಫಿಲ್ಟರ್ ಅಂತ ಒಂದಿದೆ. "ಮೇಸ್ತ್ರಿ, ಇದು ನಿಮ್ಮ ಮರಳು ಜರಡಿ ಥರಾನೇ. ಯಾವುದು ಬೇಕೋ ಅದನ್ನ ಮಾತ್ರ ಉಳಿಸಿಕೊಳ್ಳಬಹುದು" ಅಂದರು. ತಡವಾದದ್ದು ಮಾತ್ರ ಬೇಕಾದರೆ ಅದು, ಒಬ್ಬನ ಕೆಲಸ ಮಾತ್ರ ಬೇಕಾದರೆ ಅವನ ಹೆಸರು ಒತ್ತಿದರಾಯಿತು. ಸೈಟಿನಲ್ಲಿ ಅದನ್ನು ಮೊದಲು ಕಲಿತವನು ನಾನೇ. ಮನೆಗೆ ಹೋಗಿ ಹೆಂಡತಿಗೆ ಹೇಳಿಕೊಂಡೆ, ಎದುರು ಮನೆಯವರಿಗೂ ಹೇಳಿಕೊಂಡೆ.

ಮೇಡಂ ರಜೆ ಹಾಕಿದ್ದ ಒಂದು ಸೋಮವಾರ ಕಂಟ್ರಾಕ್ಟರ್ ಸಾಹೇಬರು ಮೀಟಿಂಗಿಗೆ ಬಂದರು. ಟ್ಯಾಬನ್ನು ಮೇಡಂ ನನ್ನ ಕೈಗೆ ಕೊಟ್ಟು ಹೋಗಿದ್ದರು. ಎಲ್ಲರೂ ಸಿಮೆಂಟ್ ಶೆಡ್ಡಿನಲ್ಲಿ ನಿಂತಿದ್ದರು. "ಮೋಲ್ಡ್ ಯಾಕಯ್ಯಾ ಇನ್ನೂ ಆಗಿಲ್ಲ? ಯಾರದ್ದು ಲೇಟು, ತೋರ್ಸು" ಅಂದರು.

ತಡವಾದದ್ದು ಅಂತ ಒತ್ತಿದೆ. ಎರಡು ಸಾಲು ಕೆಂಪಗೆ ಬಂದವು. ಮೇಲಿನದು — ಸೆಂಟ್ರಿಂಗ್, ಪುಟ್ಟಸ್ವಾಮಿ. ಅದರ ಕೆಳಗೆ — ಪೈಪ್ ಹಾಸುವುದು, ಸಿದ್ದರಾಜು.

ನನ್ನ ಹೆಸರು ಕೆಂಪಗೆ. ನಾನು ಕರಣೆ ಹಿಡಿದಾಗಿನಿಂದ... ಬೇಡ, ಅದು ಕಾರಣವಲ್ಲ. ಸಾಹೇಬರು ಕನ್ನಡಕ ಹುಡುಕುತ್ತಿದ್ದರು. ಅವರು ಅದನ್ನು ಹಾಕಿಕೊಳ್ಳುವಷ್ಟರಲ್ಲಿ ನನ್ನ ಬೆರಳು ಇನ್ನೊಂದು ಒತ್ತು ಒತ್ತಿತ್ತು. ಹೆಸರಿನ ಜಾಗದಲ್ಲಿ ಸಿದ್ದರಾಜು. ನನ್ನ ಸಾಲು ಹೋಯಿತು. ಅವನದೊಂದೇ ಉಳಿಯಿತು.

ಒಂದಕ್ಷರ ಅಳಿಸಲಿಲ್ಲ, ಒಂದು ಸುಳ್ಳು ಆಡಲಿಲ್ಲ. ಇದನ್ನೇ ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಆದರೆ ಮರಳು ಜರಡಿ ಹಿಡಿದರೆ ಬೇಡದ ಕಲ್ಲು ಪಕ್ಕದಲ್ಲೇ ಗುಡ್ಡೆ ಬೀಳುತ್ತದೆ, ದಾರಿಯಲ್ಲಿ ಹೋಗುವವರಿಗೂ ಕಾಣುತ್ತದೆ. ಇಲ್ಲಿ ಕಲ್ಲು ಇತ್ತು ಅನ್ನುವುದೇ ಕಾಣಲಿಲ್ಲ. ಸಿದ್ದ ಯಾರಿಗಾಗಿ ಕಾದಿದ್ದ ಅನ್ನುವುದೂ.

"ಏನಯ್ಯಾ ಸಿದ್ದರಾಜು, ನಿನ್ನೊಬ್ಬನಿಂದ ಎಲ್ಲ ನಿಂತದಲ್ಲ?"

ಸಿದ್ದ ಬಾಯಿ ತೆರೆದ. ನನ್ನ ಮುಖ ನೋಡಿದ. ಸೆಂಟ್ರಿಂಗ್ ಬಿಚ್ಚಿದ ವಿಷಯ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. "ತಪ್ಪಾಯ್ತು ಸಾ. ಬೇಗ ಮುಗಿಸ್ತೀನಿ" ಅಂದ. ನನ್ನ ಮರ್ಯಾದೆ ಉಳಿಸಲು ಅಂದ. ನಾನು ಟ್ಯಾಬು ನೋಡುತ್ತಾ ನಿಂತೆ.

ಸಾಹೇಬರ ಮುಂದಿನ ಕೆಲಸ ಯಳಂದೂರಿನ ಹಾಸ್ಟೆಲ್ಲು. ಅವನ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಹೆಂಡತಿ ಬಸುರಿ, ಅವಳಿಗೆ ತವರಿನಲ್ಲಿ ಯಾರೂ ಇಲ್ಲ. ಮಧ್ಯಾಹ್ನ ಮನೆಗೆ ಹೋಗಿ ಅವಳ ಜೊತೆ ಉಂಡು ಬರಬಹುದು ಅಂತ ಅದಕ್ಕಾಗಿ ಕಾದಿದ್ದ. ಲೇಟು ಮಾಡುವವನು ಬೇಡ ಅಂತ ಸಾಹೇಬರು ಅದನ್ನು ಬೇರೆಯವರಿಗೆ ಕೊಟ್ಟರು. ಸಿದ್ದ ದೂರದ ಪಾಲಾರ್ ಕಡೆ, ತಮಿಳುನಾಡಿನ ಗಡಿ ಹತ್ತಿರ, ಒಂದು ಕೆಲಸಕ್ಕೆ ಹೋದ. ಭಾನುವಾರಕ್ಕೊಮ್ಮೆ ಊರು.

ಹೋಗುವ ಮುಂಚೆ ಟೀ ಅಂಗಡಿಯಲ್ಲಿ ನನಗೇ ಸಮಾಧಾನ ಹೇಳಿದ. "ಓಗ್ಲಿ ಬುಡಣ್ಣ, ನೀ ಯಾಕ್ ಮೊಕ ಇಳಿ ಬುಟ್ಕಂಡಿದ್ದೈ? ಆ ಮಿಷೀನ್ಗೇನ್ ಗೊತ್ತು ಗುಳ್ಳೆ ಇಚಾರ?"

ಆಗ ಹೇಳಬೇಕಿತ್ತು. ಬಾಯಿವರೆಗೂ ಬಂತು... ಟೀ ಕುಡಿದೆ.

ಮಗು ಹುಟ್ಟಿದಾಗ ಅವನು ಪಾಲಾರಿನಲ್ಲಿದ್ದ. ಬಸ್ಸಿನಿಂದಲೇ ನನಗೆ ಫೋನು ಮಾಡಿ "ಅಣ್ಣೋ, ಎಣ್ಮಗ!" ಅಂತ ಕೂಗಿದ. ಬಸ್ಸಿನವರೆಲ್ಲ ನಕ್ಕದ್ದು ನನಗೂ ಕೇಳಿಸಿತು. ಅವನು ಮುಟ್ಟುವ ಹೊತ್ತಿಗೆ ಮಗು ಸ್ನಾನ ಮುಗಿಸಿ ಮಲಗಿತ್ತು. ಅದರ ಮೊದಲ ಅಳು ಅವನು ಕೇಳಲಿಲ್ಲ. ಅದನ್ನು ನಾನು ಯಾವ ಕೆಲಸದಿಂದಲೂ ತುಂಬಿ ಕೊಡಲಾರೆ.

ಹೋದ ವಾರ ನಮ್ಮ ಮನೆಗೆ ಬಂದಿದ್ದ. ಮಗುವಿಗೆ ಕಿವಿ ಚುಚ್ಚಿಸಬೇಕಂತೆ. ಅದು ಸೋದರಮಾವನ ತೊಡೆಯ ಮೇಲೆ ಕೂತು ಆಗಬೇಕಾದದ್ದು. "ಅವ್ಳ್ಗೆ ಅಣ್ಣತಮ್ದೀರಿಲ್ಲ. ನೀನೇ ಕೂರ್ಬೇಕು ಕಣಣ್ಣ. ಒಸಿ ಒಳ್ಳೆ ಪಂಚೆ ಉಟ್ಕಬಾ, ಸಿಮೆಂಟ್ ಮೆತ್ಕಂಡಿರದಲ್ಲ" ಅಂತ ನಗಾಡಿದ.

ಮಾರನೇ ದಿನ ಸಾಹೇಬರ ಹತ್ತಿರ ಹೋಗಿ ಎಲ್ಲ ಹೇಳಿದೆ. ಗುಳ್ಳೆಯದ್ದು, ಜರಡಿಯದ್ದು. "ಮುಗಿದೋದ ಕತೆ ಬಿಡಯ್ಯಾ" ಅಂದರು. ಕಾವ್ಯ ಮೇಡಂಗೂ ಹೇಳಿದೆ. ಅವರು "ಸಿದ್ದರಾಜುಗೆ ಹೇಳಿದ್ರಾ?" ಅಂತ ಅಷ್ಟೇ ಕೇಳಿದರು.

ಸಿದ್ದ, ಇಲ್ಲಿಂದ ನಿನಗೇ ಬರೆಯುತ್ತೇನೆ. ಎದುರು ನಿಂತರೆ ನೀನು ನಗಿಸಿಬಿಡುತ್ತೀಯ, ನಾನು ಮತ್ತೆ ನುಂಗಿಕೊಳ್ಳುತ್ತೇನೆ — ಅದಕ್ಕೆ ಬರೆದೆ. ಮಿಷೀನನ್ನು ಇನ್ನು ಬೈಯಬೇಡ. ಅದರಲ್ಲಿ ಎರಡು ಸಾಲೂ ಇದ್ದವು, ನನ್ನದೇ ಮೇಲಿತ್ತು.

ನಿನ್ನ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕು ಅಂತ ಎಷ್ಟು ಆಸೆ ಇದೆ ಅಂದರೆ... ಇರಲಿ. ಕಿವಿ ಚುಚ್ಚಿಸುವ ದಿನ ಒಗೆದ ಪಂಚೆ ಉಟ್ಟು ಬೆಳಗಿನ ಮೊದಲ ಬಸ್ಸಿಗೆ ಬರುತ್ತೇನೆ. ಒಳಗೆ ಬರುವುದಿಲ್ಲ. ಜಗಲಿಯ ಕೆಳಗೆ ನಿಂತಿರುತ್ತೇನೆ. ಇದನ್ನು ಓದಿದ ಮೇಲೂ ನೀನು ಕರೆದರೆ ಕೂರುತ್ತೇನೆ. ಕರೆಯದಿದ್ದರೆ, ಮಗು ಅತ್ತು ಸುಮ್ಮನಾಗುವವರೆಗೆ ಹೊರಗೇ ನಿಂತಿದ್ದು ಹೋಗುತ್ತೇನೆ.