ಪೊರ್ಬುಗಳ ಹನ್ನೆರಡನೆಯ ಡೈನೋಸಾರ್

1966ರ ಮೇ ತಿಂಗಳ ಒಂದು ಸೋಮವಾರ ಸಂಜೆ ಕಾಪುವಿನ ಪೊರ್ಬುಗಳ ಕೈಗೆ ನಾನು ಪ್ಲಾಸ್ಟಿಕ್ಕಿನ ಒಂದು ಡೈನೋಸಾರ್ ಕೊಟ್ಟೆ. ಹಡಗಿನಲ್ಲಿರುವ ಅವರ ಮಗ ಕಳುಹಿಸಿದ್ದು ಎಂದು ಹೇಳಿದೆ. ಮಗ ಕಳುಹಿಸಿರಲಿಲ್ಲ. ಎರಡು ವಾರದ ಹಿಂದೆ ಬೊಂಬಾಯಿಯ ಫುಟ್‌ಪಾತಿನ ಅಂಗಡಿಯೊಂದರಲ್ಲಿ ನಾನೇ ಕೊಂಡದ್ದು.

ಅದು ಈಗ ನನ್ನ ಮೇಜಿನ ಮೇಲಿದೆ. ಕಳೆದ ವಾರ ಕುಕ್ಕುಂದೂರಿನಿಂದ ಒಬ್ಬ ಹೆಂಗಸು ಬಂದು, ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬವೊಂದನ್ನು ಕೊಟ್ಟು ಹೋದರು. ಪೊರ್ಬುಗಳ ಹೆಂಡತಿಯ ತಂಗಿಯ ಮಗಳಂತೆ. ನಮ್ಮ ಹಳೆಯ ಮನೆ ಕೆಡವುವಾಗ ಅಟ್ಟದಲ್ಲಿ ಸಿಕ್ಕಿತು, ಮುಚ್ಚಳದ ಒಳಗೆ ನಿಮ್ಮ ಹೆಸರಿತ್ತು ಎಂದರು. ಮುಚ್ಚಳ ತೆಗೆದಾಗ ಹಳೆಯ ಪ್ಲಾಸ್ಟಿಕ್ಕಿನ ವಾಸನೆ ಬಂತು. ಅದರ ಅಡಿಯಲ್ಲಿ ಮರದ ಪಾಲಿಶಿನ ವಾಸನೆ... ಪೊರ್ಬುಗಳ ಅಂಗಿಯಿಂದ ಬರುತ್ತಿದ್ದದ್ದು ಅದೇ. ಬಟ್ಟೆಯ ಚೂರುಗಳಲ್ಲಿ ಸುತ್ತಿದ ಹನ್ನೆರಡು ಪ್ರಾಣಿಗಳಿದ್ದವು. ಹನ್ನೊಂದನ್ನು ನೋಡಿ ಹಾಗೆಯೇ ಸುತ್ತಿಟ್ಟೆ. ಹನ್ನೆರಡನೆಯದನ್ನು ಹೊರಗೆ ಇಟ್ಟುಕೊಂಡೆ.

ಪೊರ್ಬು ಎಂದರೆ ನಮ್ಮ ಕಡೆ ಕ್ರಿಶ್ಚಿಯನ್ ಗಂಡಸರನ್ನು ಗೌರವದಿಂದ ಕರೆಯುವ ಮಾತು. ಅವರಿಗೆ ಹೆಸರು ಬೇರೆ ಇತ್ತು, ನಾನು ಆ ಹೆಸರಿನಿಂದ ಕರೆದದ್ದಿಲ್ಲ. ಮರದ ಕೆಲಸದವರು. ಕಾಪು, ಕಟಪಾಡಿ, ಕಾರ್ಕಳ, ಹೀಗೆ ಇಗರ್ಜಿ, ಎಂದರೆ ಚರ್ಚು, ಇದ್ದಲ್ಲೆಲ್ಲ ಅವರು ಮಾಡಿದ ಬೆಂಚು ಇತ್ತು. ಕ್ರಿಸ್ಮಸ್ಸಿನ ಗೋದಲಿಗೆ ಬೇಕಾದ ಎತ್ತು, ಕುರಿ, ಒಂಟೆಗಳನ್ನೂ ಅವರೇ ಕೆತ್ತಿ ಕೊಡುತ್ತಿದ್ದರು. ನಮ್ಮ ಮನೆಯಿಂದ ನಾಲ್ಕು ಮನೆ ಆಚೆ, ದೀಪಸ್ತಂಭಕ್ಕೆ ಹೋಗುವ ದಾರಿಯಲ್ಲಿ ಅವರ ಮನೆ. ಅವರ ಮಗ ಮತ್ತು ನಾನು ಒಂದೇ ತರಗತಿಯವರು. ಅವನು 1958ರಲ್ಲಿ ಬೊಂಬಾಯಿಗೆ ಹೋಗಿ ಸರಕಿನ ಹಡಗಿನ ಅಡುಗೆಮನೆಯ ಕೆಲಸಕ್ಕೆ ಸೇರಿದ. ನಾನು ಉಡುಪಿಯ ಒಂದು ವಾರಪತ್ರಿಕೆಯಲ್ಲಿ ಪ್ರೂಫ್ ತಿದ್ದುವ ಕೆಲಸಕ್ಕೆ ಸೇರಿದೆ.

ಮಗ ಕಾಗದ ಬರೆಯುವವನಲ್ಲ. ಶಾಲೆಯಲ್ಲಿಯೂ ಪೆನ್ನು ಹಿಡಿದರೆ ಅವನ ಕೈ ಬೆವರುತ್ತಿತ್ತು. ಮೂರು ವರ್ಷ ಅವನಿಂದ ಏನೂ ಬರಲಿಲ್ಲ. 1961ರಲ್ಲಿ, ರಜೆಯಲ್ಲಿ ಊರಿಗೆ ಬಂದ ಹಡಗಿನವರೊಬ್ಬರು ಒಂದು ಪೊಟ್ಟಣ ತಂದು ಕೊಟ್ಟರು. ಒಳಗೆ ಕೈಯ ಹೆಬ್ಬೆರಳಿನಷ್ಟು ಉದ್ದದ, ಕಂದು ಬಣ್ಣದ ಡೈನೋಸಾರ್. ಕಾಗದ ಇರಲಿಲ್ಲ. ಮತ್ತೆ ಕೆಲವು ತಿಂಗಳಿಗೆ ಇನ್ನೊಂದು ಬಂತು, ಹಸಿರು. ಹೀಗೆ ಒಂದೊಂದಾಗಿ ಹನ್ನೊಂದು ಬಂದವು. ಪೊಟ್ಟಣ ಬಂದರೆ ಮಗ ಇದ್ದಾನೆ ಎಂದು ಅರ್ಥ. ಆ ಮನೆಯಲ್ಲಿ ಅದಕ್ಕಿಂತ ಬೇರೆ ಸುದ್ದಿ ಬೇಕಾಗಿರಲಿಲ್ಲ.

ಪೊರ್ಬುಗಳು ಸುಮ್ಮನೆ ಇಟ್ಟುಕೊಳ್ಳುವವರಲ್ಲ. ಯಾರೇ ಮಾಡಿದ ಕೆಲಸವನ್ನು ಕೈಗೆತ್ತಿಕೊಂಡರೂ ತಿರುಗಿಸಿ ಅಡಿ ನೋಡುತ್ತಿದ್ದರು. ಆ ಪ್ರಾಣಿಯ ನಿಜ ರೂಪ ಹೇಗೆಂದು ತಿಳಿಯಲು ಬಸ್ಸು ಹತ್ತಿ ಮಣಿಪಾಲಕ್ಕೆ ಹೋದರು. ಅಲ್ಲಿ ಯಾರೋ ಪರಿಚಯದವರ ಮೂಲಕ ಚಿತ್ರಗಳಿದ್ದ ದೊಡ್ಡ ಪುಸ್ತಕವೊಂದನ್ನು ನೋಡಿ, ಬೆರಳುಗಳ ಲೆಕ್ಕ ಬರೆದುಕೊಂಡು ಬಂದರು. ಆಮೇಲೆ ನೋಟ್‌ಬುಕ್ಕಿನ ಹಾಳೆಯಲ್ಲಿ ಒಂದು ವಿಮರ್ಶೆ ಬರೆದು, ನಾನು ಬೆಳಿಗ್ಗೆ ಬಸ್ಸಿಗೆ ನಿಲ್ಲುವಲ್ಲಿಗೆ ತಂದರು. ನಮ್ಮ ಮಾತೆಲ್ಲ ತುಳುವಿನಲ್ಲಿ, ಮನೆಯಲ್ಲಿ ಅವರದು ಕೊಂಕಣಿ. ಕನ್ನಡ ಅವರಿಗೆ ಬರೆಯುವ ಭಾಷೆ ಮಾತ್ರ. ಆದ್ದರಿಂದ ಬಹಳ ಎಚ್ಚರದಿಂದ ಬರೆಯುತ್ತಿದ್ದರು.

“ನಿಮ್ಮ ಪೇಪರಿನಲ್ಲಿ ಪುಸ್ತಕದ ವಿಮರ್ಶೆ ಬರುತ್ತದಲ್ಲ, ಇದೂ ಹಾಕಬಹುದಾ ನೋಡು.”

ಸಂಪಾದಕರು ಹಾಳೆಯನ್ನು ಕನ್ನಡಕ ಏರಿಸಿ ಓದಿದರು. “ಎಂತ ಮಾರಾಯ ಇದು, ಉಡಕ್ಕೆ ವಿಮರ್ಶೆಯಾ?” ಎಂದರು. ಮತ್ತೆ ಮೊದಲಿನಿಂದ ಓದಿದರು. ಮಕ್ಕಳ ಪುಟದಲ್ಲಿ ಕೆಳಗೆ ಜಾಗ ಉಂಟು, ಹಾಕು ಎಂದರು.

ವಿಮರ್ಶೆಗೆ ಐದು ಭಾಗ. ನಿಲುವು, ಪಾದ, ಬಾಲ, ಬಾಯಿ, ಕೊನೆಗೆ ಅಭಿಪ್ರಾಯ. ಕ್ರಮ ಯಾವತ್ತೂ ತಪ್ಪಲಿಲ್ಲ. ಒಂದರ ಬಗ್ಗೆ ಹೀಗಿತ್ತು: “ಬೆನ್ನಿನ ಹಲಗೆಗಳು ಎರಡು ಸಾಲು ಇರಬೇಕು. ಮಾಡಿದವನು ಒಂದೇ ಸಾಲು ಇಟ್ಟು ಬೇಗ ಮನೆಗೆ ಹೋಗಿದ್ದಾನೆ.” ಇನ್ನೊಂದರ ಬಗ್ಗೆ: “ಬಾಯಿ ತೆರೆದಿದೆ. ಆದರೆ ಕೋಪ ಕಾಣುವುದಿಲ್ಲ, ಆಕಳಿಸಿದ ಹಾಗಿದೆ.” ಮಕ್ಕಳಿಗಿಂತ ದೊಡ್ಡವರೇ ಹೆಚ್ಚು ಓದುತ್ತಿದ್ದರು. ನಾನು ಒಳಗೆ ಬಂದ ಕೂಡಲೇ, “ಈ ವಾರ ಉಡ ಬಂತಾ?” ಎಂದು ಸಂಪಾದಕರು ಕೇಳುವುದು ರೂಢಿಯಾಯಿತು. ಮೊದಲ ಸಾಲು ಮಾತ್ರ ಎಲ್ಲದರಲ್ಲಿಯೂ ಒಂದೇ. “ನಿಲುವು: ನಿಲ್ಲುತ್ತದೆ.” ಹನ್ನೊಂದು ಸಲ ಆ ಸಾಲನ್ನು ಅಚ್ಚಿಗೆ ಕಳುಹಿಸಿದೆ. ಯಾಕೆ ಎಂದು ಒಮ್ಮೆಯೂ ಕೇಳಲಿಲ್ಲ.

ಹನ್ನೊಂದನೆಯದು ಬಂದದ್ದು 1964ರಲ್ಲಿ. ಆಮೇಲೆ ಬರಲಿಲ್ಲ.

ಮೊದಲ ಆರು ತಿಂಗಳು ಪೊರ್ಬುಗಳು ಏನೂ ಹೇಳಲಿಲ್ಲ. ನಂತರ ಅವರಿಗೆ ಕೂತಲ್ಲಿ ಕೂರಲಾಗದ ಹಾಗಾಯಿತು. ಬೆಳಿಗ್ಗೆ ನಾನು ಬಸ್ಸಿಗೆ ನಿಂತಲ್ಲಿಗೆ ಬರುವರು, ಬಸ್ಸಿನಿಂದ ಇಳಿಯುವವರ ಕೈ ನೋಡುವರು, ಹೋಗುವರು. ಟ್ರಂಕು ಹೊತ್ತು ಯಾರಾದರೂ ಇಳಿದರೆ ಅವರ ಹಿಂದೆ ಸ್ವಲ್ಪ ದೂರ ನಡೆಯುವರು. ಹಡಗಿನವರು ಮಲ್ಪೆಗೆ ಬಂದರಂತೆ ಎಂದರೆ ಮಲ್ಪೆಗೆ, ಕಟಪಾಡಿಗೆ ಬಂದರಂತೆ ಎಂದರೆ ಕಟಪಾಡಿಗೆ. ಕೈಗೆ ತೆಗೆದುಕೊಂಡ ಕೆಲಸ ಅರ್ಧದಲ್ಲಿ ನಿಂತಿತ್ತು. ಜಗಲಿಯಲ್ಲಿ ಕಾಲು ಮೂರೇ ಇದ್ದ ಒಂದು ಸ್ಟೂಲು ಇಡೀ ವರ್ಷ ಗೋಡೆಗೆ ಒರಗಿಕೊಂಡಿತ್ತು. ಅವರ ಹೆಂಡತಿಯನ್ನು ನಾವು ಬಾಯಮ್ಮ ಎನ್ನುತ್ತಿದ್ದೆವು. ಅವರು ಮಾತ್ರ ದಿನಾ ಹನ್ನೊಂದು ಪ್ರಾಣಿಗಳ ಧೂಳು ಒರೆಸಿ, ಗೋಡೆಯ ಹಲಗೆಯ ಮೇಲಿನ ಸಾಲಿನ ಕೊನೆಯಲ್ಲಿ ಒಂದರಷ್ಟು ಜಾಗ ಬಿಟ್ಟು ಇಡುತ್ತಿದ್ದರು.

ಆ ಖಾಲಿ ಜಾಗ ನೋಡಿ ನೋಡಿಯೇ ನಾನು ಬೊಂಬಾಯಿಯಲ್ಲಿ ಆ ಆಟಿಕೆ ಕೊಂಡದ್ದು. ಪತ್ರಿಕೆಯ ಕೆಲಸಕ್ಕೆ ಹೋಗಿದ್ದೆ. ಕೆಂಪು ಬಣ್ಣದ್ದು, ಬಾಲ ಉದ್ದ, ಎದುರಿನ ಕಾಲು ಗಿಡ್ಡ. ಹಿಂದೆ ಬಂದವುಗಳ ಜಾತಿಯದೇ ಎಂದು ನನಗೆ ಅನಿಸಿತು.

“ಯಾರು ತಂದದ್ದು?” ಎಂದು ಪೊರ್ಬುಗಳು ಕೇಳಿದರು.

“ಹಡಗಿನವರು ಒಬ್ಬರು. ಬೊಂಬಾಯಿಯಲ್ಲಿ ಸಿಕ್ಕಿದ್ದರು.”

“ಹೆಸರು?”

“ಕೇಳಲಿಲ್ಲ.”

“ಪೇಪರಿನವನು ನೀನು. ಹೆಸರು ಕೇಳಲಿಲ್ಲವಾ?”

ಅಷ್ಟರಲ್ಲಿ ಬಾಯಮ್ಮ ಒಳಗಿನಿಂದ ಬಂದರು. ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಆಟಿಕೆಯನ್ನು ಎರಡು ಕೈಯಲ್ಲಿ ತೆಗೆದುಕೊಂಡರು.

“ಅವನು ಸಪೂರ ಆಗಿದ್ದಾನಂತಾ?”

“ಇಲ್ಲ ಬಾಯಮ್ಮ. ಚೆನ್ನಾಗಿದ್ದಾನಂತೆ.”

ಅದು ಎರಡನೆಯ ಸುಳ್ಳು. ಅದೇ ವಾರ ಬಾಯಮ್ಮ ಕಾರ್ಕಳದ ಇಗರ್ಜಿಗೆ ಹೋಗಿ, ಹೇಳಿಕೊಂಡಿದ್ದ ಹರಕೆಯ ಮೊಂಬತ್ತಿಗಳನ್ನು ಹಚ್ಚಿ ಬಂದರು.

ವಿಮರ್ಶೆ ಮಾಮೂಲಿಯಾಗಿ ನಾಲ್ಕೈದು ದಿನದಲ್ಲಿ ಬರುತ್ತಿತ್ತು. ಈ ಸಲ ವಾರ ದಾಟಿತು. ಪೊರ್ಬುಗಳು ಬಸ್ಸಿನ ಹತ್ತಿರ ಬರುವುದನ್ನೂ ನಿಲ್ಲಿಸಿದರು. ಈಗ ದಾರಿ ನೋಡುವ ಸರದಿ ನನ್ನದು. ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಹತ್ತಿ ಆಫೀಸಿಗೆ ತಡವಾಗಿ ಹೋದದ್ದುಂಟು. ಪ್ರೂಫಿನಲ್ಲಿ ಇದ್ದ ತಪ್ಪು ಕಾಣಲಿಲ್ಲ, ಇಲ್ಲದ ತಪ್ಪು ಕಂಡಿತು. ಹನ್ನೊಂದನೆಯ ದಿನ ಮಧ್ಯಾಹ್ನ ಅವರು ಉಡುಪಿಯ ಆಫೀಸಿಗೇ ಬಂದರು. ಅಲ್ಲಿಗೆ ಅವರು ಬಂದದ್ದು ಅದೇ ಮೊದಲು. ಕುರ್ಚಿ ಕೊಟ್ಟರೆ ಕೂರಲಿಲ್ಲ. ಹಾಳೆ ಕೊಟ್ಟರು.

“ನಿಲುವು: ನಿಲ್ಲುವುದಿಲ್ಲ. ಪಾದ: ಅಚ್ಚಿನಿಂದ ಬಂದ ಹಾಗೆಯೇ ಇವೆ, ಯಾರೂ ಮುಟ್ಟಿಲ್ಲ. ಬಾಲ: ಭಾರ ಹೆಚ್ಚು. ಬಾಯಿ: ಬಣ್ಣ ಚೆನ್ನಾಗಿದೆ. ಅಭಿಪ್ರಾಯ: ಅಂಗಡಿಯ ಮಾಲು.”

ನಾನು ಓದಿ ಮುಗಿಸುವ ತನಕ ಕಾದರು. ನಂತರ ಇಬ್ಬರೂ ಹೊರಗೆ ಹೋಗಿ, ರಥಬೀದಿಯ ಹೋಟೆಲೊಂದರ ಮೂಲೆಯಲ್ಲಿ ಕೂತೆವು. ಅವರು ಕಾಫಿಯ ಲೋಟವನ್ನು ತಿರುಗಿಸುತ್ತ ಹೇಳಿದರು.

ಗೋದಲಿಯಲ್ಲಿ ಪ್ರಾಣಿಗಳನ್ನು ಹಲಗೆಯ ಮೇಲೆ ಕಡಲ ದಡದ ಹೊಯಿಗೆ ಹರಡಿ ನಿಲ್ಲಿಸುತ್ತಾರೆ. ಮರ ಮಳೆಗಾಲದ ತೇವ ಕುಡಿದು, ಡಿಸೆಂಬರಿಗೆ ಒಣಗಿ, ಕಾಲು ಏರುಪೇರಾಗುತ್ತದೆ. ಪ್ರತಿ ವರ್ಷ ಅಡಿ ಹೆರೆದು ಸರಿ ಮಾಡಬೇಕು. ಆ ಮನೆಯಲ್ಲಿ ಆ ಕೆಲಸ ಮಗನದು. ಅವನಿಗೆ ಒಂದು ಅಭ್ಯಾಸ. ಯಾವ ಕಾಲು ಉದ್ದ ಎಂದು ನೋಡುತ್ತಲೇ ಇರಲಿಲ್ಲ, ಎಡ ಹಿಂಗಾಲಿನ ಅಡಿಯನ್ನೇ ಓರೆಯಾಗಿ ಹೆರೆಯುತ್ತಿದ್ದ. ತಂದೆ ಎಷ್ಟು ಬೈದರೂ ಬಿಡಲಿಲ್ಲ. ಬಂದ ಹನ್ನೊಂದು ಡೈನೋಸಾರುಗಳ ಎಡ ಹಿಂಗಾಲಿನ ಅಡಿಯೂ ಚೂರಿಯಿಂದ ಓರೆಯಾಗಿ ಹೆರೆದಿತ್ತು.

“ಅದೇ ಅವನ ಕಾಗದ,” ಎಂದರು. “ನೀನು ತಂದದ್ದರಲ್ಲಿ ಅದು ಇಲ್ಲ.”

ನಾನು ಬೊಂಬಾಯಿಯ ಅಂಗಡಿಯ ವಿಷಯ ಹೇಳಿದೆ. ಅವರು ಲೋಟ ಕೆಳಗಿಟ್ಟರು.

“ಕೆಟ್ಟದಕ್ಕೆ ಮಾಡಲಿಲ್ಲ ನೀನು. ಅದು ನನಗೆ ಗೊತ್ತುಂಟು. ಆದರೆ ಇವಳು ಮೊಂಬತ್ತಿ ಹಚ್ಚಿ ಬಂದಾಯಿತಲ್ಲ. ಈಗ ಹೋಗಿ ಎಂತ ಹೇಳುವುದು?”

“ಈ ವಿಮರ್ಶೆ ಹಾಕುವುದು ಬೇಡ ಪೊರ್ಬುಗಳೇ.”

“ಹಾಕಬೇಕು. ಬಂದದ್ದಕ್ಕೆಲ್ಲ ಬರೆದಿದ್ದೇನೆ, ಇದಕ್ಕೂ ಬರೆದಿದ್ದೇನೆ. ಸುಳ್ಳು ಬರೆಯಲಿಕ್ಕೆ ನನಗೆ ಬರುವುದಿಲ್ಲ.” ಎದ್ದು ನಿಂತರು. “ಒಂದು ಅಕ್ಷರ ತಿದ್ದಬಾರದು.”

ತಿದ್ದಲಿಲ್ಲ. “ಈ ಸಲ ಉಡ ಬಿದ್ದಿತಾ?” ಎಂದು ಸಂಪಾದಕರು ಕೇಳಿದ್ದಕ್ಕೆ ಹೌದು ಎಂದೆ. ಎರಡು ಸಲ ಪ್ರೂಫ್ ನೋಡಿದೆ. ಅವರು ಬರೆದ ಹಾಗೆಯೇ ಅಚ್ಚಾಯಿತು.

ಪತ್ರಿಕೆ ಬಂದ ದಿನ ಸಂಜೆ ಅವರ ಮನೆಗೆ ಒಂದು ಪ್ರತಿ ತೆಗೆದುಕೊಂಡು ಹೋಗುವುದು ನನ್ನ ರೂಢಿ. ಈ ಸಲ ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತೆ. ಮಳೆ ಹಿಡಿದಿತ್ತು. ಬಾಗಿಲು, ಕಿಟಕಿ ಎರಡೂ ಹಾಕಿದ್ದರು. ಒಳಗೆ ಹೋಗಿ ಬಾಗಿಲು ಮತ್ತೆ ಹಾಕಿದೆ. ಬಾಯಮ್ಮನಿಗೆ ಕನ್ನಡ ಕೇಳಿದರೆ ತಿಳಿಯುತ್ತಿತ್ತು, ಓದಲು ಬರುತ್ತಿರಲಿಲ್ಲ. ಯಾವತ್ತಿನ ಹಾಗೆ ಗಂಡನ ಎದುರು ಚಾಪೆಯಲ್ಲಿ ಕೂತರು. ಪೊರ್ಬುಗಳು ಪತ್ರಿಕೆಯನ್ನು ದೀಪದ ಹತ್ತಿರ ಹಿಡಿದು, ಗಂಟಲು ಸರಿ ಮಾಡಿಕೊಂಡು ಓದಿದರು.

“ನಿಲುವು: ನಿಲ್ಲುತ್ತದೆ.”

ಅವರ ಬೆರಳು “ನಿಲ್ಲುವುದಿಲ್ಲ” ಎಂದು ಅಚ್ಚಾದ ಸಾಲಿನ ಕೆಳಗೇ ಇತ್ತು. ನನ್ನ ಕಡೆ ನೋಡಲಿಲ್ಲ. ಪಾದದ ಸಾಲನ್ನು ಬಿಟ್ಟರು. ಬಾಲ, ಬಾಯಿ ಇದ್ದ ಹಾಗೆ ಓದಿದರು. ಅಭಿಪ್ರಾಯಕ್ಕೆ ಬಂದಾಗ, “ಒಳ್ಳೆಯದು,” ಎಂದು ಓದಿ ಪತ್ರಿಕೆ ಮಡಚಿದರು.

ಬಾಯಮ್ಮ ಎದ್ದು, ವಿಮರ್ಶೆ ಓದುವ ತನಕ ಬಿಸ್ಕತ್ತಿನ ಡಬ್ಬದಲ್ಲಿ ಇಟ್ಟಿದ್ದ ಕೆಂಪು ಪ್ರಾಣಿಯನ್ನು ತೆಗೆದು, ಹನ್ನೊಂದರ ಪಕ್ಕದ ಖಾಲಿ ಜಾಗದಲ್ಲಿ ನಿಲ್ಲಿಸಿದರು. ಅದು ಮಗುಚಿ ಬಿತ್ತು. ಮತ್ತೊಮ್ಮೆ ನಿಲ್ಲಿಸಿದರು. ಮತ್ತೆ ಬಿತ್ತು. ಬಾಯಮ್ಮ ಅದನ್ನು ಕೈಗೆತ್ತಿಕೊಂಡು ಅಡಿ ನೋಡಿದರು. ಎಷ್ಟು ಹೊತ್ತು ನೋಡಿದರು ಎಂದು ಹೇಳಲಾರೆ...

“ಗಾಳಿ,” ಎಂದರು. ಅದನ್ನು ಗೋಡೆಗೆ ಒರಗಿಸಿಟ್ಟು, ಚಾ ಮಾಡಲು ಒಳಗೆ ಹೋದರು.

ಅದರ ನಂತರ ಪೊರ್ಬುಗಳು ವಿಮರ್ಶೆ ಬರೆಯಲಿಲ್ಲ. ಬರೆಯಲು ಏನೂ ಬರಲಿಲ್ಲ. ಮೂರು ಕಾಲಿನ ಸ್ಟೂಲಿಗೆ ನಾಲ್ಕನೆಯದನ್ನು ಕೂರಿಸಿ ಯಾರಿಗೋ ಕೊಟ್ಟರು. 1968ರಲ್ಲಿ, ಇಗರ್ಜಿಯ ಪಾದ್ರಿಗಳು ಬರೆಸಿದ ಕಾಗದಕ್ಕೆ ಹಡಗಿನ ಕಂಪನಿಯಿಂದ ಇಂಗ್ಲಿಷಿನಲ್ಲಿ ಉತ್ತರ ಬಂತು. ಪೊರ್ಬುಗಳು ಅದನ್ನು ನನ್ನಿಂದ ಓದಿಸಿದರು. 1964ರಲ್ಲಿ ಅವರ ಮಗ ಪರದೇಶದ ಬಂದರೊಂದರಲ್ಲಿ ಇಳಿದು ಹೋದವನು ಹಡಗಿಗೆ ಮರಳಿಲ್ಲ, ಅನಂತರದ ಮಾಹಿತಿ ತಮ್ಮಲ್ಲಿಲ್ಲ ಎಂದಿತ್ತು. ಎರಡು ಸಲ ಓದಿಸಿದರು. “ಇವಳಿಗೆ ನಾನೇ ಹೇಳುತ್ತೇನೆ,” ಎಂದು ಮಡಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು. ಹೇಳಿದರೋ ಇಲ್ಲವೋ ನನಗೆ ತಿಳಿದಿಲ್ಲ. ನಾನು ಕೇಳಲಿಲ್ಲ.

ಮರುವರ್ಷ ಪೊರ್ಬುಗಳು ತೀರಿಕೊಂಡರು. ಬಾಯಮ್ಮ ಕಾರ್ಕಳದ ಹತ್ತಿರದ ಕುಕ್ಕುಂದೂರಿಗೆ, ತಂಗಿಯ ಮನೆಗೆ ಹೋದರು. ಅಲ್ಲಿ ಎಷ್ಟು ವರ್ಷ ಇದ್ದರು, ಯಾವಾಗ ತೀರಿಹೋದರು ಎಂಬುದು ಡಬ್ಬ ತಂದ ಹೆಂಗಸು ಹೇಳಿದಾಗಲೇ ನನಗೆ ಗೊತ್ತಾಯಿತು. ಒಮ್ಮೆಯಾದರೂ ಹೋಗಿ ನೋಡಬಹುದಿತ್ತು, ಕಾರ್ಕಳಕ್ಕೆ ಬಸ್ಸು ಬೇಕಾದಷ್ಟಿತ್ತು. ಮಗನ ಸುದ್ದಿ ಇವತ್ತಿನವರೆಗೆ ಇಲ್ಲ. ದೀಪಸ್ತಂಭದ ದಾರಿಯ ಆ ಮನೆಯ ಜಾಗದಲ್ಲಿ ಈಗ ಬೇರೆಯವರ ಕಟ್ಟಡ ಇದೆ.

ಕೆಂಪು ಬಣ್ಣ ಈಗ ಮಾಸಿ ಇಟ್ಟಿಗೆಯ ಬಣ್ಣವಾಗಿದೆ. ಕಳೆದ ವಾರ ಡಬ್ಬದಿಂದ ತೆಗೆದ ದಿನವೇ ಅಡಿ ತಿರುಗಿಸಿ ನೋಡಿದೆ. ಎಡ ಹಿಂಗಾಲಿನ ಅಡಿಯನ್ನು ಚೂರಿಯಿಂದ ಓರೆಯಾಗಿ ಹೆರೆದಿದೆ. ಯಾರು ಹೆರೆದರು, ಯಾವಾಗ ಎಂದು ಹೇಳುವವರು ಯಾರೂ ಇಲ್ಲ. ಮೇಜಿನ ಮೇಲೆ ಇಟ್ಟೆ. ನಿಲ್ಲುತ್ತದೆ.