ಚಮಚ ನಿಂತರೆ ಫೋನ್ ಮಾಡಿ

ಮಾತು ಬೆಳ್ಳಿ, ಮೌನ ಬಂಗಾರ ಎನ್ನುವುದು ನಿಜವಾಗಿದ್ದರೆ ಹಾಮೆ ಸೀಮೆಯವರೆಲ್ಲ ಎಂದೋ ಕುಬೇರರಾಗಿರಬೇಕಿತ್ತು. ಫಿನ್‌ಲೆಂಡಿನಲ್ಲಿ ಮೊದಲೇ ಮಾತು ಕಡಿಮೆ. ಹಾಮೆಯವರು ಅದರಲ್ಲೂ ಉಳಿತಾಯ ಮಾಡುತ್ತಾರೆ. ಅಲ್ಲಿ ಸರೋವರದ ದಂಡೆಯ ಊರೊಂದರಲ್ಲಿ ಹಿಲ್ಕಾ ಓಯನ್‌ಪೆರಾ ಗ್ರಂಥಪಾಲಕಿ. ತಲೆ ಬೆಳ್ಳಗಾಗುವ ತನಕ ಅದೊಂದೇ ಕೆಲಸ, ಅದೊಂದೇ ಕುರ್ಚಿ.

ಅವಳಿಗೆ ಯಂತ್ರವೆಂದರೆ ಅಂಜಿಕೆ. ಕಾರ್ಡುಗಳ ಡ್ರಾಯರ್ ಹೋಗಿ ಕಂಪ್ಯೂಟರ್ ಬಂದಾಗ ಅದರ ಕೈಪಿಡಿಯನ್ನು ಮನೆಗೆ ಹೊತ್ತುಕೊಂಡು ಹೋಗಿ, ಸೌನಾದ, ಅಂದರೆ ಉಗಿಸ್ನಾನದ ಮನೆಯ, ಜಗುಲಿಯಲ್ಲಿ ಕುಳಿತು, ಕಾದಂಬರಿಯ ಹಾಗೆ ಮೊದಲಿಂದ ಕೊನೆಯವರೆಗೆ ಓದಿದ್ದಳು. "ಕಥೆ ಏನೂ ಚೆನ್ನಾಗಿಲ್ಲ, ಆದ್ರೆ ಕೊನೇಲಿ ಎಲ್ಲಾ ಸರಿಹೋಗುತ್ತೆ" ಎಂದಿದ್ದಳು. ಆಮೇಲೆ ಬಂದ ಯಂತ್ರಗಳನ್ನೆಲ್ಲ ಹೀಗೇ, ಹೆದರುತ್ತ ಓದುತ್ತ ಪಳಗಿಸಿದಳು.

ಎರಡು ಸಾವಿರದ ಇಪ್ಪತ್ತರ ಮಾರ್ಚಿನಲ್ಲಿ ಕೊರೊನಾ ಬಂದು ಗ್ರಂಥಾಲಯಕ್ಕೆ ಬೀಗ ಬಿತ್ತು. ಖರ್ಚು ತಗ್ಗಿಸಲು ದಾರಿ ಹುಡುಕುತ್ತಿದ್ದ ಪಟ್ಟಣದ ಸಮಿತಿಗೆ ಅದೇ ನೆಪವಾಯಿತು. ಬಾಗಿಲು ಮುಚ್ಚಿದ್ದಾಗಲೂ ಓದುಗರನ್ನು ಕಾಪಾಡಿಕೊಂಡ ಶಾಖೆ ಮತ್ತೆ ತೆರೆಯುತ್ತದೆ, ಇಲ್ಲದ್ದು ಶಾಶ್ವತವಾಗಿ ಮುಚ್ಚುತ್ತದೆ ಎಂದರು. ಹಿಲ್ಕಾ ತಡಮಾಡಲಿಲ್ಲ. ಮಂಗಳವಾರದ ಓದುಗರ ಕೂಟವನ್ನು ಪರದೆಯ ಮೇಲೆ ನಡೆಸುತ್ತೇನೆ ಎಂದು ಬರೆದು ಕಳಿಸಿಯೇಬಿಟ್ಟಳು. ಹೇಗೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಕೂಟದವರಿಗೆಂದು ಗ್ರಂಥಾಲಯದ ಟ್ಯಾಬ್ಲೆಟ್‌ಗಳನ್ನು ಒರೆಸಿ, ಬ್ರೆಡ್ಡಿನ ಚೀಲದಲ್ಲಿ ಸುತ್ತಿ, ಹಿಂದೆ ಹಾಲಿನ ಕ್ಯಾನುಗಳನ್ನಿಡುತ್ತಿದ್ದ ರಸ್ತೆ ಬದಿಯ ಕಟ್ಟೆಗಳ ಮೇಲಿಟ್ಟು ಬಂದಳು. ಪಾಠವೆಲ್ಲ ಫೋನಿನಲ್ಲಿ. ಎಂಬತ್ತು ದಾಟಿದ ಲೆಂಪಿ ಜೀವನವಿಡೀ ಹಸು ಕರೆದವಳು. ಪರದೆ ಮುಟ್ಟಲು ಅಂಜುತ್ತಿದ್ದಳು.

"ಒತ್ತಿದ್ರೆ ಒಡೆದುಹೋಗಲ್ವಾ?"

"ಕೆಚ್ಚಲಿಗೆ ಕೈ ಹಾಕೋಕೆ ಹೆದರದೋಳು ಇದಕ್ಕೆ ಹೆದರ್ತೀಯಾ?"

"ಹಸು ಸಿಟ್ಟು ಬಂದ್ರೆ ಒದೆಯುತ್ತೆ, ಗೊತ್ತಾಗುತ್ತೆ. ಇದು ಸುಮ್ನೆ ನನ್ನೇ ನೋಡ್ತಾ ಇರುತ್ತೆ ಕಣೇ."

ಮರದ ದಿಮ್ಮಿಯ ಲಾರಿ ಓಡಿಸುತ್ತಿದ್ದ ಒಸ್ಮೊನ ಮನೆಯಲ್ಲಿ ನೆಟ್‌ವರ್ಕ್ ಇರಲಿಲ್ಲ. ಅವನು ತನ್ನ ಹಳೆಯ ಲಾರಿಯನ್ನು ದಿಬ್ಬ ಹತ್ತಿಸಿ, ಸ್ಟೇರಿಂಗಿಗೆ ಟ್ಯಾಬ್ಲೆಟ್ ಒರಗಿಸಿ ಕೂತ.

ಮೊದಲ ಕೂಟದಲ್ಲಿ ಹಿಲ್ಕಾ "ಪುಸ್ತಕ ಹೇಗಿತ್ತು?" ಎಂದು ಕೇಳಿದಳು. ಯಾರೂ ಉತ್ತರಿಸಲಿಲ್ಲ, ಅಲುಗಲೂ ಇಲ್ಲ. ಲೈನ್ ಕಡಿದಿದೆಯೆಂದು ಅವಳು ಪರದೆಯ ಕೂಟದಿಂದ ಹೊರಗೆ ಹೋಗಿ ಮತ್ತೆ ಒಳಗೆ ಬಂದಳು. ಅಷ್ಟರಲ್ಲಿ, ಹೋದದ್ದು ತಮ್ಮ ಲೈನೇ ಎಂದುಕೊಂಡು ಉಳಿದವರು ಹೊರಗೆ ಹೋಗಿದ್ದರು. ಇವಳು ಬಂದರೆ ಅವರಿಲ್ಲ, ಅವರು ಬಂದರೆ ಇವಳಿಲ್ಲ. ಈ ಕಣ್ಣಾಮುಚ್ಚಾಲೆಯಲ್ಲೇ ಸಂಜೆ ಕಳೆಯಿತು. ಯಂತ್ರಕ್ಕೇನೂ ಆಗಿರಲಿಲ್ಲ. ಅವರು ಯೋಚಿಸುತ್ತಿದ್ದರು, ಅಷ್ಟೇ.

ಮೌನದ ಈ ರೋಗಕ್ಕೆ ಯಾವ ಕೈಪಿಡಿಯಲ್ಲೂ ಮದ್ದಿರಲಿಲ್ಲ. ಮರುದಿನ ಕಾಫಿ ಕಲಕುತ್ತ ಕೂತಿದ್ದಾಗ ಅವಳಿಗೆ ಉಪಾಯ ಹೊಳೆಯಿತು.

"ಎಲ್ರೂ ಕಾಫಿ ಇಟ್ಕೊಂಡು ಕೂತ್ಕೊಳ್ಳಿ," ಎಂದಳು ಮುಂದಿನ ಕೂಟದಲ್ಲಿ. "ಮಾತಾಡೋಕೆ ಮನಸ್ಸಿಲ್ವಾ, ಬೇಡ. ಚಮಚ ಆಡಿಸ್ತಾ ಇರಿ. ಯಾರ ಚಮಚ ನಿಲ್ಲುತ್ತೋ ಅವರ ಲೈನ್ ಹೋಯ್ತು ಅಂತ. ತಕ್ಷಣ ಅವರಿಗೆ ಫೋನ್ ಮಾಡಿ."

"ನಾನು ಸಕ್ಕರೆ ಹಾಕಲ್ವಲ್ಲ," ಎಂದ ಒಸ್ಮೊ. ಅವನ ಮಟ್ಟಿಗೆ ಅದು ಭಾಷಣ.

"ಬರೀ ಕಾಫಿನೇ ಕಲಕೋ ಮಾರಾಯ!"

ಅಲ್ಲಿಂದ ಕೂಟ ಹಳಿಗೆ ಬಂತು. ಏಪ್ರಿಲ್ ಕೊನೆಯಲ್ಲಿ ಅದನ್ನು ಪರೀಕ್ಷಿಸಲು ಸಮಿತಿಯ ಅಧ್ಯಕ್ಷೆ ರೌನಿ ಪರದೆಗೆ ಬಂದಳು. ಶಾಖೆಯ ಅಳಿವು ಉಳಿವು ಅವಳ ವರದಿಯಲ್ಲಿತ್ತು. ಸವೊ ಸೀಮೆಯ ಹೆಣ್ಣು, ಅರಳು ಹುರಿದಂತೆ ಮಾತು. ಹಿಲ್ಕಾ ಪುಸ್ತಕದ ಬಗ್ಗೆ ಪ್ರಶ್ನೆ ಕೇಳಿದಳು. ಟಿಣ್ ಟಿಣ್ ಎಂದು ಚಮಚಗಳು ತಿರುಗಿದವು.

"ಹಲೋ? ಕಟ್ಟಾಯ್ತಾ? ಯಾಕೆ ಯಾರೂ ಮಾತಾಡ್ತಿಲ್ಲ? ನಮ್ ಕಡೆ ಆಗಿದ್ರೆ ಇಷ್ಟೊತ್ತಿಗೆ ಒಂದು ಜಗಳ ಮುಗಿದು ಎರಡನೇದು ಶುರುವಾಗಿರೋದು!"

ಹಿಲ್ಕಾ ಬಾಯಿ ತೆರೆಯುವಷ್ಟರಲ್ಲಿ ಮುಖಗಳೆಲ್ಲ ಕಲ್ಲಾದವು. ಚಮಚಗಳ ಸದ್ದು ನಿಂತಿತು. ಈ ಸಲ ಅದು ಯೋಚನೆಯಲ್ಲ, ಅವಳದೇ ಲೈನ್ ಹೋಗಿತ್ತು. ವೈರು ಕಿತ್ತು ಸಿಕ್ಕಿಸಿದಳು, ಆರಿಸಿ ಹಚ್ಚಿದಳು. ಜಪ್ಪಯ್ಯ ಎಂದರೂ ಬರಲಿಲ್ಲ. ಜೀವಮಾನದ ಕೆಲಸ ಹೀಗೆ, ಒಂದು ಹಾಳು ವೈರಿನಿಂದ ಮುಳುಗಿತಲ್ಲ ಎಂದು ಅಳು ಬರುವಷ್ಟು ಸಿಟ್ಟು ಬಂತು.

ಫೋನ್ ಹೊಡೆದುಕೊಂಡಿತು.

"ನಿನ್ ಚಮಚ ನಿಂತಿದೆ," ಎಂದಳು ಲೆಂಪಿ. "ಗಾಬರಿ ಆಗ್ಬೇಡ. ಫೋನನ್ನ ಟ್ಯಾಬ್ಲೆಟ್ ಪಕ್ಕ ಇಡ್ತೀನಿ, ಕೇಳಿಸ್ಕೋ. ಏ ರೌನಿ, ನಿನ್ ಕಡೆಯಿಂದ ಪ್ರತಿಧ್ವನಿ ಬರ್ತಿದೆ, ಸದ್ದು ಇಳಿಸು. ಪಕ್ಕದಲ್ಲಿ ಗುಂಡಿ ಇದೆ ನೋಡು. ಒತ್ತೇ, ಒಡೆದುಹೋಗಲ್ಲ!"

ಹಿಲ್ಕಾ ಫೋನಿಗೆ ಕಿವಿ ಒತ್ತಿ ಕುಳಿತಳು. ಕೂಟ ಅವಳಿಲ್ಲದೆ ನಡೆಯುತ್ತಿತ್ತು!

"ಕಥೇಲಿ ಆ ಮುದುಕ ದೋಣಿ ಮಾರ್ಬಾರ್ದಿತ್ತು," ಎಂದ ಒಸ್ಮೊ.

"ಮಾರ್ದೇ ಏನ್ಮಾಡ್ತಾನೆ? ತಳ ಕೊಳೆತಿತ್ತು," ಎಂದಳು ಲೆಂಪಿ.

"ಹಲಗೆ ಬದಲಾಯಿಸ್ಬಹುದಿತ್ತು. ನಾನಾಗಿದ್ರೆ ಬದಲಾಯಿಸ್ತಿದ್ದೆ."

ಮತ್ತೆ ಚಮಚಗಳು ತಿರುಗಿದವು. ಲೆಂಪಿಯ ತೆಳು ಪಿಂಗಾಣಿಯ ಸದ್ದು, ಒಸ್ಮೊನ ಫ್ಲಾಸ್ಕಿನ ಸ್ಟೀಲ್ ಮುಚ್ಚಳದ ಸದ್ದು, ಉಳಿದವರ ಬಟ್ಟಲುಗಳ ಸದ್ದು, ಎಲ್ಲವೂ ಹಿಲ್ಕಾಗೆ ಪರಿಚಿತ. ಅವುಗಳ ನಡುವೆ ಅವಳು ಎಂದೂ ಕೇಳದ ಒಂದು ದಪ್ಪ ಬಟ್ಟಲಿನ ಸದ್ದು ನಿಧಾನವಾಗಿ ಸೇರಿಕೊಂಡಿತು. ರೌನಿಯ ಮಾತು ಮಾತ್ರ ಇರಲಿಲ್ಲ.

"ರೌನಿ, ನಿನ್ ಲೈನ್ ಹೋಯ್ತಾ?" ಲೆಂಪಿ ಕೇಳಿದಳು.

"ಇಲ್ಲ ಮಾರಾಯ್ತಿ, ಯೋಚಿಸ್ತಿದ್ದೆ." ರೌನಿ ಕಲಕುವುದನ್ನು ನಿಲ್ಲಿಸಲಿಲ್ಲ. "ಇದನ್ನ ಮುಚ್ಚಿ ಅಂತ ಬರೆಯೋಕೇ ಬಂದಿದ್ದೆ. ಇನ್ನು ನನ್ ಕೈಲಿ ಆಗಲ್ಲ. ಹಿಲ್ಕಾ, ಕೇಳಿಸ್ತಿದ್ಯಾ? ಗ್ರಂಥಾಲಯ ತೆರೀಬಹುದು ಅಂತ ಸರ್ಕಾರ ಹೇಳಿದ ದಿನ ನಿನ್ ಬಾಗಿಲೇ ಮೊದ್ಲು ತೆರೆಯುತ್ತೆ. ಬೇರೆ ಶಾಖೆಯೋರಿಗೆ ಈ ಲೆಂಪಿನೇ ಪಾಠ ಹೇಳಲಿ!"

ಹಿಲ್ಕಾಗೆ ಹೇಳುವುದು ಬೆಟ್ಟದಷ್ಟಿತ್ತು. ಆದರೆ ಅವಳೂ ಹಾಮೆಯವಳೇ ತಾನೆ? ತಣ್ಣಗಾದ ಕಾಫಿಯ ಬಟ್ಟಲನ್ನು ಫೋನಿನ ಬಾಯಿಗೆ ಹಿಡಿದು, ಊರಿಗೆಲ್ಲ ಕೇಳುವಂತೆ ಕಲಕಿದಳು.